ಬ್ರೆಡ್ ವ್ಯಾನಿನ ಅಕ್ಷರಗಳು

ಮದುವೆಯಾಗಿ ಎರಡು ವರ್ಷವಾಗಿದ್ದರೂ ಮಾವ ಅಳಿಯನ ಜೊತೆ ಆಡಿದ ಮಾತನ್ನೆಲ್ಲ ಒಂದು ಅಂಚೆ ಕಾರ್ಡಿನಲ್ಲಿ ಬರೆದು ಮುಗಿಸಬಹುದಿತ್ತು. ವಿಳಾಸಕ್ಕೂ ಜಾಗ ಉಳಿಯುತ್ತಿತ್ತು. "ಬಂದ್ರಾ", "ಕೂತ್ಕೊಳ್ಳಿ", "ಊಟ ಮಾಡಿ", "ಹುಷಾರಾಗಿ ಹೋಗಿ". ಪ್ರತಿ ಭಾನುವಾರ ಇವು ನಾಲ್ಕೇ, ಅದೂ ಇದೇ ಕ್ರಮದಲ್ಲಿ. ಅಳಿಯನೋ ಮಾತಿನ ಮನುಷ್ಯ. ಕಟ್ಟುಹಲ್ಲು ಮಾಡುವ ಲ್ಯಾಬಿನಲ್ಲಿ ಅವನಿಗೆ ಕೆಲಸ. ಇಡೀ ವಾರ ಬಾಯಿಯೇ ಇಲ್ಲದ ಹಲ್ಲುಗಳ ಎದುರು ಕೂತವನಿಗೆ ಭಾನುವಾರವಾದರೂ ಎದುರಿನಿಂದ ಎರಡು ಮಾತು ಬರಲಿ ಎಂಬ ಆಸೆ. ತಂದೆಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡಿದ್ದ ಅವನಿಗೆ, ಮಾವ ತನ್ನನ್ನು ಮನೆಯವನೆಂದು ಒಪ್ಪಿಕೊಳ್ಳಬೇಕೆಂಬುದು ಬರೀ ಆಸೆಯಾಗಿ ಉಳಿಯದೆ ಹಟವಾಗಿಬಿಟ್ಟಿತ್ತು.

ಹಾಗಂತ ಮಾವ ಕೆಟ್ಟವರೇನಲ್ಲ. ನಲವತ್ತು ವರ್ಷ ಏಣಿ ಹತ್ತಿ ಅಂಗಡಿಗಳಿಗೆ ಬೋರ್ಡು ಬರೆದವರು. ಊರಿನವರಿಗೆಲ್ಲ ಅವರು 'ಬೋರ್ಡಿನವರು'. ಮುದ್ರಿಸಿದ ಬೋರ್ಡುಗಳು ಬಂದ ಮೇಲೆ ಏಣಿಯನ್ನು ಯಾರಿಗೋ ಕೊಟ್ಟು ಮನೆ ಸೇರಿದ್ದರು. ಈಗ ಅವರ ಪ್ರೀತಿಯೆಲ್ಲ ಹಿಂದಿನ ಕೋಣೆಯ ಗಾಜಿನ ಕಪಾಟಿಗೆ ಮೀಸಲು. ಅದರಲ್ಲಿ ನೂರ ಅರವತ್ತೆರಡು ಪುಟ್ಟ ವಾಹನಗಳಿದ್ದವು. ಎಲ್ಲವೂ ಫ್ರಾನ್ಸಿನ ಹಳೆಯ ವ್ಯಾನು, ಲಾರಿಗಳ ಮಾದರಿಗಳು; ಅಸಲಿನ ನಲವತ್ತಮೂರನೇ ಒಂದು ಪಾಲು ಗಾತ್ರದವು. ಹಾಲಿನದು, ತರಕಾರಿಯದು, ಲಾಂಡ್ರಿಯದು, ಮೇಜು ಕುರ್ಚಿ ಸಾಗಿಸುವುದು. ಹುಡುಕಿದರೂ ಒಂದು ಕಾರು ಸಿಗದು. "ಕಾರು ಸುತ್ತೋಕೆ, ವ್ಯಾನು ದುಡಿಯೋಕೆ" ಎಂದು ಒಮ್ಮೆ ಮಗಳಿಗೆ ಹೇಳಿದ್ದರಂತೆ.

ಫ್ರಾನ್ಸಿನವೇ ಯಾಕೆ ಎಂದರೆ ಕಾರಣ ಅಕ್ಷರ. ಆ ಕಾಲದಲ್ಲಿ ಅಲ್ಲಿಯ ವ್ಯಾಪಾರಿಗಳು ವ್ಯಾನಿನ ಮೈಮೇಲೆ ತಮ್ಮ ಅಂಗಡಿಯನ್ನೇ ಬರೆಸುತ್ತಿದ್ದರೆಂಬುದು ಮಾವನ ಸಂತೋಷ. ಬರಿಮೈಯ ಮಾದರಿಗಳನ್ನು ತರಿಸಿಕೊಂಡು, ಹಳೆಯ ಫೋಟೋಗಳ ಪುಸ್ತಕವೊಂದನ್ನು ಎದುರಿಗಿಟ್ಟುಕೊಂಡು, ಕೂದಲೆಳೆಯಂಥ ಕುಂಚದಿಂದ ತಾವೇ ಬರೆಯುತ್ತಿದ್ದರು. ಫ್ರೆಂಚ್ ಓದಲು ಒಂದಕ್ಷರವೂ ಬಾರದು. ಬರೆದರೆ ಮಾತ್ರ ಫ್ರಾನ್ಸಿನವರೇ ಬೆರಗಾಗಬೇಕು.

ಕಪಾಟಿನ ನಟ್ಟನಡುವೆ ಒಂದು ಬೂದುಬಣ್ಣದ ಸಿಟ್ರೊಯೆನ್ ಎಚ್ ವ್ಯಾನ್ ಇತ್ತು. ಮುಂದೆ ಹಂದಿಯ ಮೂತಿ, ಮೈತುಂಬ ಅಲೆಅಲೆಯಾದ ತಗಡು, ಅದರ ಮೇಲೆ ಹಳದಿ ಅಂಚಿನ ಕೆಂಪು ಫ್ರೆಂಚ್ ಅಕ್ಷರ ಹನ್ನೊಂದು: 'ಬುಲಾಂಜೆರಿ'. ಅಂದರೆ ಬೇಕರಿ. ತಗಡಿನ ಅಲೆಗಳ ಸಂದಿಯಲ್ಲಿ ವರ್ಷಗಟ್ಟಲೆ ಕೂತ ಧೂಳು ಅಂಟಾಗಿ ಕಪ್ಪುಗಟ್ಟಿತ್ತು. ಬಟ್ಟೆಗೆ ಬಗ್ಗದು, ಬ್ರಶ್ಶಿಗೆ ಬಾರದು. ಅಳಿಯನ ಕಣ್ಣು ಅದರ ಮೇಲೆ ಬಿದ್ದು ಎರಡು ವರ್ಷವಾಗಿತ್ತು. ಹಲ್ಲಿನ ಸಂದಿಯ ಕೊಳೆ ಕಂಡರೆ ಸುಮ್ಮನಿರಲಾರದ ಕಸುಬು ಅವನದು.

ಆ ಚಳಿಗಾಲದಲ್ಲಿ ಮಾವ ಮೂರು ದಿನ ತಂಗಿಯ ಮನೆಗೆ ಹೋದರು. ಗಿಡಗಳಿಗೆ ನೀರು ಹಾಕಲೆಂದು ಮನೆಯ ಬೀಗದ ಕೈ ಮಗಳ ಕೈ ಸೇರಿತು. ಎರಡನೆಯ ದಿನ ನೀರು ಹಾಕಲು ಹೋದ ಅಳಿಯ, ಬರುವಾಗ ಬ್ರೆಡ್ ವ್ಯಾನನ್ನು ಕರ್ಚೀಫಿನಲ್ಲಿ ಸುತ್ತಿ ಜೇಬಿಗಿಟ್ಟುಕೊಂಡು ಬಂದ. ಮಾವ ಬಂದು ನೋಡುವಾಗ ಅದು ಫಳಫಳ ಹೊಳೆಯಬೇಕು, "ಯಾರು ಮಾಡಿದ್ದು?" ಎಂದು ಕೇಳಬೇಕು. ಐದನೆಯ ಮಾತು ಅಲ್ಲಿಂದ ಶುರುವಾಗಬೇಕು.

ಲ್ಯಾಬಿನಲ್ಲಿ ಕಟ್ಟುಹಲ್ಲಿನ ಸೆಟ್ಟು ತೊಳೆಯುವ ಒಂದು ಪೆಟ್ಟಿಗೆ ಇರುತ್ತದೆ. ಬಿಸಿನೀರಿಗೆ ಔಷಧಿ ಹಾಕಿ ಗುಂಡಿ ಒತ್ತಿದರೆ ನೀರು ಝುಂಯ್ ಎಂದು ನಡುಗಿ, ಯಾವ ಸಂದಿಯಲ್ಲಿ ಏನೇ ಅಡಗಿದ್ದರೂ ಹೊರಗೆ ಎಳೆಯುತ್ತದೆ. ಅಳಿಯ ವ್ಯಾನನ್ನು ಅದರಲ್ಲಿ ಮುಳುಗಿಸಿ, ಹಲ್ಲಿಗೆ ಇಡುವಂತೆ ನಾಲ್ಕು ನಿಮಿಷ ಇಟ್ಟ. ಬೇರೆ ಯಾರಿಗೂ ಇಂಥ ಬುದ್ಧಿ ಹೊಳೆಯುತ್ತಿರಲಿಲ್ಲ; ಹೊಳೆದಿದ್ದರೂ ಅವರ ಹತ್ತಿರ ಆ ಪೆಟ್ಟಿಗೆ ಇರುತ್ತಿರಲಿಲ್ಲ. ಮುಚ್ಚಳ ತೆಗೆದು ನೋಡಿದಾಗ ವ್ಯಾನು ನಿಜಕ್ಕೂ ಫಳಫಳ ಹೊಳೆಯುತ್ತಿತ್ತು. ಫ್ಯಾಕ್ಟರಿಯ ಬೂದುಬಣ್ಣ ಹಾಗೇ ಇತ್ತು. ನೀರಿನ ಮೇಲೆ ಮಾತ್ರ ಕೆಂಪು, ಹಳದಿ ಸಿಪ್ಪೆಗಳು ತೇಲುತ್ತಿದ್ದವು.

ಮಾವನ ಅಕ್ಷರ ಹನ್ನೊಂದೂ ಕಿತ್ತುಬಂದಿದ್ದವು. ಅಳಿಯ ಆ ಸಿಪ್ಪೆಗಳನ್ನು ಟೀ ಸೋಸುವ ಜಾಲರಿಯಲ್ಲಿ ಹಿಡಿದು, ಕಾಗದದ ಮೇಲೆ ಒಣಗಿಸಿ ಮನೆಗೆ ತಂದ.

ಹೆಂಡತಿ ವ್ಯಾನನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. "ನೂರ ಅರವತ್ತೆರಡರಲ್ಲಿ ನಿಂಗೆ ಇದೇ ಬೇಕಿತ್ತಾ? ನಾನು ಹುಟ್ಟಿದ ದಿನ ಅಪ್ಪ ಆಸ್ಪತ್ರೆ ಬೆಂಚಿನ ಮೇಲೆ ಕೂತು ಬರೆದಿದ್ದು ಇದು. ಮೊದಲನೇದು."

"ಪುಸ್ತಕ ನೋಡ್ಕೊಂಡು ನಾನೇ ಬರೆದುಬಿಡ್ಲಾ? ಗೊತ್ತಾಗುತ್ತಾ?"

"ಬೋರ್ಡು ನೋಡಿದ್ರೆ ಸಾಕು, ಬರೆದವರು ಎಡಗೈಯೋ ಬಲಗೈಯೋ ಅಂತ ಹೇಳ್ತಾರೆ ಅಪ್ಪ. ಸುಮ್ನೆ ಹೋಗಿ ಒಪ್ಪಿಕೋ."

ಭಾನುವಾರ ಅವನು ವ್ಯಾನನ್ನು ಎರಡೂ ಕೈಯಲ್ಲಿ ಹಿಡಿದು ಮಾವನ ಮುಂದೆ ನಿಂತ. ಎಲ್ಲವನ್ನೂ ಹೇಳಿದ, ಪೆಟ್ಟಿಗೆ, ಔಷಧಿ, ನಾಲ್ಕು ನಿಮಿಷ, ಒಂದನ್ನೂ ಬಿಡಲಿಲ್ಲ. ಮಾವ ಬೈದಿದ್ದರೆ ಚೆನ್ನಾಗಿತ್ತು. ಅವರು ವ್ಯಾನನ್ನು ಬೆಳಕಿಗೆ ಹಿಡಿದರು, ಬರಿಮೈಯ ಮೇಲೆ ಹೆಬ್ಬೆರಳು ಆಡಿಸಿದರು. "ಹ್ಞೂಂ. ಮತ್ತೆ ಬರೆದರಾಯ್ತು. ಊಟ ಮಾಡಿ" ಎಂದು ಹಿಂದಿನ ಕೋಣೆಗೆ ಹೋದರು.

ಮುಂದಿನ ಭಾನುವಾರ ವ್ಯಾನು ಬರಿಮೈಯಲ್ಲೇ ಇತ್ತು. ಅದರ ಮುಂದಿನ ಭಾನುವಾರವೂ ಇತ್ತು, ಈ ಸಲ ಗೋಡೆಗೆ ಮುಖ ಮಾಡಿಕೊಂಡು. ಇದ್ದ ನಾಲ್ಕು ಮಾತಿಗೂ ಕುತ್ತು ತಂದುಕೊಂಡೆನಲ್ಲ ಎಂದು ಅಳಿಯ ತನ್ನನ್ನೇ ಶಪಿಸಿಕೊಂಡ.

ಮೂರನೆಯ ಭಾನುವಾರ, ಅಡುಗೆಮನೆಯಲ್ಲಿ ಹೆಂಡತಿ ಸಾರು ಕುದಿಸುತ್ತಿದ್ದಾಗ, ಇನ್ನೊಮ್ಮೆ ಕ್ಷಮೆ ಕೇಳೋಣವೆಂದು ಅವನು ಹಿಂದಿನ ಕೋಣೆಯ ಬಾಗಿಲು ತಳ್ಳಿದ. ಮಾವ ಮೇಜಿನ ಮುಂದೆ ಕೂತಿದ್ದರು. ಬಲಗೈಯಲ್ಲಿ ಕುಂಚವಿತ್ತು. ಎಡಗೈ ಬಲ ಮುಂಗೈಯನ್ನು ಬಿಗಿಯಾಗಿ ಹಿಡಿದಿತ್ತು. ಆದರೂ ಕುಂಚದ ತುದಿ ಗಡಗಡ ನಡುಗುತ್ತಿತ್ತು. ವ್ಯಾನಿನ ಮೈಮೇಲೆ ಅಕ್ಷರವಲ್ಲ, ಕೆಂಪು ಗೀರು ಮಾತ್ರ ಇತ್ತು.

ಮಾವ ತಲೆಯೆತ್ತಿ ನೋಡಿದರು. ಬಚ್ಚಿಡಲು ಈಗ ಹೊತ್ತು ಮೀರಿತ್ತು.

"ಬಾಗಿಲು ಹಾಕಿ," ಎಂದರು. ಅವನು ಹಾಕಿದ. "ನಾಲ್ಕು ವರ್ಷ ಆಯ್ತು. ಮಗಳಿಗೆ ಗೊತ್ತಿಲ್ಲ. ಹೇಳ್ಬೇಡಿ."

ಮಂಚದ ಕೆಳಗಿಂದ ಒಂದು ರಟ್ಟಿನ ಪೆಟ್ಟಿಗೆಯನ್ನು ಕಾಲಿನಿಂದಲೇ ಎಳೆದರು. ಒಳಗೆ ಒಂಬತ್ತು ವ್ಯಾನು, ಒಂದರ ಮೇಲೂ ಅಕ್ಷರವಿಲ್ಲ. "ಅವಳು ಕೇಳಿದಾಗೆಲ್ಲ ಬಣ್ಣ ಒಣಗ್ತಾ ಇದೆ ಅಂತೀನಿ. ನಾಲ್ಕು ವರ್ಷದಿಂದ ಒಣಗ್ತಾ ಇದೆ. ನಿಮ್ಮ ಜೊತೆ ಕೂತರೆ ನೀವು ಕೈ ನೋಡ್ತೀರಿ ಅಂತ ದೂರ ಇದ್ದೆ. ದಿನವಿಡೀ ಕೈಕೆಲಸ ಮಾಡೋರು ಮೊದಲು ನೋಡೋದೇ ಕೈನ."

ಎರಡು ವರ್ಷದಿಂದ ಎದೆಯ ಮೇಲೆ ಹೊತ್ತ ಕಲ್ಲು ಹೀಗೆ ಕರಗುತ್ತದೆಂದು ಅಳಿಯ ಎಣಿಸಿರಲಿಲ್ಲ. ಬಾಯಿಗೆ ಬಂದದ್ದನ್ನೇ ಹೇಳಿಬಿಟ್ಟ. "ನಾನು ಹಲ್ಲಿಗೆ ಬಿರುಕು ಬರೀತೀನಿ ಮಾವ."

"ಏನು?"

"ಹೊಸ ಹಲ್ಲು ತುಂಬ ಬೆಳ್ಳಗಿದ್ರೆ ಪಕ್ಕದ ಹಳೇ ಹಲ್ಲಿನ ಮಧ್ಯೆ ಸುಳ್ಳು ಅಂತ ಗೊತ್ತಾಗುತ್ತೆ. ಅದಕ್ಕೆ ಸಣ್ಣ ಕುಂಚದಲ್ಲಿ ಒಂದು ಬಿರುಕು, ಒಂದಿಷ್ಟು ಟೀ ಕಲೆ ಬರೆದು, ಅದು ಗಟ್ಟಿಯಾಗೋಕೆ ಕುಲುಮೇಲಿ ಸುಡ್ತೀವಿ. ಮೂರು ಎಳೆಯ ಕುಂಚ."

ಮಾವ ಅವನನ್ನು ಮೊದಲ ಸಲ ನೋಡುವವರಂತೆ ನೋಡಿದರು. "ತಪ್ಪು ಬರೆಯೋಕೆ ಸಂಬಳ ಕೊಡ್ತಾರಾ?"

"ಚೆನ್ನಾಗಿ ಬರೆದ್ರೆ ಮಾತ್ರ."

ಮಾವನಿಗೆ ನಗು ಬಂತು. ತಡೆಯಲು ನೋಡಿದರು, ಆಗಲಿಲ್ಲ. ನಕ್ಕು ಮುಗಿಸಿ, ಕೆಂಪು ಗೀರನ್ನು ಬಟ್ಟೆಯಿಂದ ಒರೆಸಿ, ಕುಂಚವನ್ನು ಅಳಿಯನ ಕಡೆ ಚಾಚಿದರು.

ಅಲ್ಲಿಂದ ಶುರುವಾಯಿತು ನೋಡಿ. ಎರಡು ವರ್ಷ ನಾಲ್ಕು ಮಾತಿನಲ್ಲಿ ಕಾಲ ಹಾಕಿದ ಮನುಷ್ಯ ಬಾಯಿಗೆ ಬಿಡುವೇ ಕೊಡಲಿಲ್ಲ. "ತಗಡಿನ ಅಲೆ ಬಂದಲ್ಲಿ ಒತ್ತಬೇಡಿ, ಕುಂಚ ತಾನೇ ಇಳಿಯುತ್ತೆ." "ಉಸಿರು ಬಿಟ್ಟ ಮೇಲೆ ಎಳೀರಿ." "ಅದೇನು ಎರಡನೇ ಅಕ್ಷರ, ಕುಡಿದು ನಿಂತ ಹಾಗಿದೆ. ಒರೆಸಿ." ಅಳಿಯ ಒರೆಸಿದ. ಮತ್ತೆ ಬರೆದ, ಮತ್ತೆ ಒರೆಸಿದ. ಐದನೆಯ ಸಲ ಮಾವ ಮೇಜು ಕುಟ್ಟಿದರು. "ಅಯ್ಯೋ, ಹಲ್ಲಿನ ಹಾಗೆ ಬರೀಬೇಡ ಮಾರಾಯ, ಅಂಗಡಿ ಹಾಗೆ ಬರಿ! ಬೀದಿಯ ಆ ತುದೀಲಿ ನಿಂತವನಿಗೆ ಹಸಿವಾಗಬೇಕು!" ಬಹುವಚನ ಎಲ್ಲೋ ಬಿದ್ದುಹೋಗಿತ್ತು, ಇಬ್ಬರೂ ಹುಡುಕಲು ಹೋಗಲಿಲ್ಲ.

ಹನ್ನೊಂದನೆಯ ಅಕ್ಷರ ಮುಗಿಯುವಾಗ ಅಡುಗೆಮನೆಯಿಂದ ಊಟಕ್ಕೆ ಮೂರು ಸಲ ಕೂಗು ಬಂದಿತ್ತು. ಮಾವ ಭೂತಗನ್ನಡಿ ಹಿಡಿದು ಉದ್ದಕ್ಕೂ ನೋಡಿದರು. "ನಾನು ಬರೆದ ಹಾಗಿಲ್ಲ," ಎಂದರು. ಅಳಿಯನ ಮುಖ ಬಾಡಿತು. "ನೀನು ಬರೆದ ಹಾಗಿದೆ. ಇರಲಿ."

ಆಮೇಲೆ ವ್ಯಾನನ್ನು ಅಂಗಾತ ಮಲಗಿಸಿ, ಹೊಟ್ಟೆಯ ತಗಡಿನ ಮೇಲೆ ಸೂಜಿಯಿಂದ ಕೊರೆದ ಒಂದು ಪುಟ್ಟ ಏಣಿಯನ್ನು ತೋರಿಸಿದರು. ಬಣ್ಣವಾಗಿದ್ದರೆ ಅದೂ ಹೋಗುತ್ತಿತ್ತು, ಕೊರೆದದ್ದರಿಂದ ಉಳಿದಿತ್ತು. "ಇದು ನನ್ನ ಗುರುತು. ಬೋರ್ಡಿನವರಲ್ಲಿ ಬರೆದವನ ಗುರುತು ಹಾಕದಿದ್ರೆ ಕೆಲಸ ಮುಗೀಲಿಲ್ಲ ಅಂತ ಲೆಕ್ಕ. ಪಕ್ಕದಲ್ಲಿ ನಿಂದೂ ಬರಬೇಕು."

"ನಂಗೆ ಗುರುತು ಅಂತ ಯಾವುದೂ ಇಲ್ಲ ಮಾವ."

"ಅದನ್ನ ಕೊಡೋದು ಕಲಿಸಿದವನ ಕೆಲಸ," ಎಂದು ಮಾವ ಸೂಜಿ ಎತ್ತಿಕೊಂಡರು.

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. "ಅಪ್ಪಾ, ಇಬ್ಬರೂ ಸೇರಿ ಒಳಗೇನು ಮಾಡ್ತಾ ಇದೀರಿ? ಅನ್ನ ಆರಿಹೋಯ್ತು."

ಅಳಿಯ ಮಾವನ ಕೈ ನೋಡಿದ. ಸೂಜಿ ನಡುಗುತ್ತಿತ್ತು. ತಾನೇ ಎದ್ದು ಹೊರಗೆ ಹೋಗಿ ಅವಳನ್ನು ಮಾತಿನಲ್ಲಿ ತಡೆದು ನಿಲ್ಲಿಸೋಣವೆಂದುಕೊಂಡ. ಮಾವ ಬೇಡವೆಂದು ತಲೆಯಾಡಿಸಿದರು. "ಬಾಗಿಲು ತೆಗಿ," ಎಂದರು.

ಮಗಳು ಸೌಟು ಹಿಡಿದೇ ಒಳಗೆ ಬಂದಳು. ಮೊದಲು ಕೆಂಪು ಅಕ್ಷರ ನೋಡಿದಳು, ಆಮೇಲೆ ಗಂಡನ ಕೈಯಲ್ಲಿನ ಕುಂಚ, ಆಮೇಲೆ ಅಪ್ಪನ ಬೆರಳುಗಳು. ಅವು ಸೂಜಿಯ ಜೊತೆ ಗಡಗಡ ನಡುಗುತ್ತ ತಗಡಿನ ಮೇಲೆ ಒಂದು ಸೊಟ್ಟ ಹಲ್ಲನ್ನು ಕೊರೆಯುತ್ತಿದ್ದವು.

"ಅಪ್ಪಾ, ಕೈ..."

"ನಡುಗುತ್ತೆ. ನಾಲ್ಕು ವರ್ಷ ಆಯ್ತು," ಎಂದರು ಮಾವ, ತಲೆಯೆತ್ತದೆ. "ದೀಪ ಸ್ವಲ್ಪ ಈ ಕಡೆ ಹಿಡಿ. ನಿನ್ನ ಗಂಡನ ಗುರುತು ಬರೀತಾ ಇದೀನಿ."