ತಳ ಕಾಣುವ ತನಕ

ನಮ್ಮ ಮನೆಯ ಹಿತ್ತಲಲ್ಲಿ ಒಂದು ಈಜುಕೊಳ ಇದೆ. ಕಟ್ಟಿದವನು ನಾನೇ. ನಾನು ಟೈಲ್ಸ್ ಮೇಸ್ತ್ರಿ. ನನ್ನ ಕೈ ಮುಟ್ಟದ ಬಚ್ಚಲುಮನೆ ಈ ಊರಲ್ಲಿ ಇನ್ನೂ ಹುಟ್ಟಿಲ್ಲ. ಹತ್ತು ವರ್ಷ ಕೆಲಸದಲ್ಲಿ ಮಿಕ್ಕ ಟೈಲ್ಸ್ ಕೂಡಿಟ್ಟು, ಸಮುದ್ರಕ್ಕೇ ಹೊಟ್ಟೆಕಿಚ್ಚು ಬರುವಂಥ ಕೊಳ ಕಟ್ಟಿದೆ. ಉದ್ದ ಹದಿನೆಂಟು ಅಡಿ, ಅಗಲ ಹತ್ತು. ಒಂದು ತುದಿಯಲ್ಲಿ ನನ್ನ ಮಂಡಿಮಟ್ಟ, ಇನ್ನೊಂದು ತುದಿಯಲ್ಲಿ ಎದೆಮಟ್ಟ. ಇದು ಟೇಪು ಹೇಳುವ ಲೆಕ್ಕ. ನಾನು ಹೇಳುವಾಗ ಸ್ವಲ್ಪ ಹಿಗ್ಗುತ್ತದೆ.

ಶಾಲೆಗೆ ರಜೆ ಬಂತು. ನನ್ನ ಹೆಂಡತಿಯ ತಂಗಿ ತನ್ನ ಅವಳಿ ಗಂಡುಮಕ್ಕಳನ್ನು ನಮ್ಮ ಮನೆಗೆ ಕಳಿಸಿದಳು. ನನ್ನ ಮಗಳೂ ಸೇರಿ ಮೂವರು ಬೆಳಗ್ಗೆ ನೀರಿಗೆ ಬಿದ್ದರೆ ಬೆರಳು ಒಣದ್ರಾಕ್ಷಿಯಾಗುವ ತನಕ ಏಳುತ್ತಿರಲಿಲ್ಲ. ನಾಲ್ಕನೇ ದಿನಕ್ಕೆ ನೀರು ಮಂಕಾಯಿತು. ಆರನೇ ದಿನಕ್ಕೆ ಅಕ್ಕಿ ತೊಳೆದ ನೀರಾಯಿತು.

"ರೀ, ನೀರು ಯಾಕೋ ಸರಿ ಇಲ್ಲ," ಎಂದಳು ಹೆಂಡತಿ.

"ಹಿಂದೆ ರಾಣಿಯರು ಹಾಲಲ್ಲಿ ಸ್ನಾನ ಮಾಡ್ತಿದ್ರಂತೆ. ನಿನ್ನ ತಂಗಿ ಮಕ್ಕಳಿಗೆ ಪುಕ್ಕಟೆ ಸಿಕ್ಕಿದೆ, ಸುಮ್ನಿರು."

ಹಾಗೆಂದು ಇನ್ನೊಂದು ಬೊಗಸೆ ಕ್ಲೋರಿನ್ ಪುಡಿ ಎರಚಿದೆ. ವಾಸನೆ ಎಷ್ಟು ಘಾಟಾಗಿತ್ತೆಂದರೆ ಕಾಗೆಗಳು ನಮ್ಮ ಮನೆ ಬಿಟ್ಟು ಪಕ್ಕದ ಬೀದಿಯ ಮೇಲೆ ಸುತ್ತಿ ಹೋಗತೊಡಗಿದವು. ಇಷ್ಟು ಔಷಧಿ ಇರುವ ನೀರಿನಲ್ಲಿ ಕೊಳೆ ಎಲ್ಲಿಂದ ಬರಬೇಕು ಎಂಬುದು ನನ್ನ ವಾದ. ಫಿಲ್ಟರಿನ ಪಂಪನ್ನು ಮಾತ್ರ ದಿನಕ್ಕೆ ಒಂದೇ ಗಂಟೆ ಓಡಿಸುತ್ತಿದ್ದೆ. ಅದು ಗುಂಯ್ ಎಂದರೆ ನಮ್ಮ ಜೊತೆಗೇ ಇರುವ ಅತ್ತೆಗೆ ನಿದ್ದೆ ಬರುವುದಿಲ್ಲ. ನಿದ್ದೆಗೆಟ್ಟ ಅತ್ತೆಯ ಮುಂದೆ ನಿಲ್ಲುವ ಎದೆಗಾರಿಕೆ ನನಗಿದೆ, ಆದರೂ ಸುಮ್ಮನೆ ಯಾಕೆ.

ಮಂಕು ನೀರೆಂದರೆ ಮಕ್ಕಳಿಗೆ ಖುಷಿಯೋ ಖುಷಿ. ಮುಳುಗಿದವರು ಯಾರ ಕಣ್ಣಿಗೂ ಬೀಳುವುದಿಲ್ಲವಲ್ಲ. ನೀರಿನೊಳಗೇ ಕಣ್ಣಾಮುಚ್ಚಾಲೆ ಶುರುವಾಯಿತು.

ಬುಧವಾರ ಬೆಳಗ್ಗೆ ನಾನು ಕೊಳದ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದೆ. ಕಾಂಪೌಂಡಿನ ಆಚೆ ಲ್ಯಾಬ್ ಅಕ್ಕ ಬಟ್ಟೆ ಒಣಗಹಾಕುತ್ತಿದ್ದರು. ಊರಿಗೆ ಕುಡಿಯುವ ನೀರು ಬಿಡುವ ಘಟಕದಲ್ಲಿ ನೀರು ಪರೀಕ್ಷೆ ಮಾಡುವುದು ಅವರ ಕೆಲಸ. ಅದಕ್ಕೇ ಬೀದಿಗೆಲ್ಲ ಅವರು ಲ್ಯಾಬ್ ಅಕ್ಕ.

"ಮೇಸ್ತ್ರಿಗಳೇ, ಒಳಗೆ ಎಷ್ಟು ಮಕ್ಕಳಿದ್ದಾರೆ?"

"ಮೂರು."

"ಎರಡೇ ತಲೆ ಕಾಣ್ತಿದೆ."

"ಆಟ ಅಕ್ಕಾ. ಅವಳಿಗಳಲ್ಲಿ ಆ ಕಿರಿಯವನು ಮೀನಿಗೆ ಹುಟ್ಟಬೇಕಾಗಿದ್ದವನು. ಅರ್ಧ ಗಂಟೆ ಉಸಿರು ಕಟ್ತಾನೆ."

"ಎಲ್ಲಿದ್ದಾನೆ, ತೋರ್ಸಿ."

ನಾನು ಕೈ ಎತ್ತಿದೆ. ಎತ್ತಿದ ಕೈಗೆ ಯಾವ ಕಡೆ ತೋರಿಸಬೇಕೋ ತಿಳಿಯಲಿಲ್ಲ. ಮೂಲೆಯಿಂದ ಮೂಲೆಗೆ ಒಂದೇ ಬಿಳುಪು. ಬಟ್ಟೆ ಸಮೇತ ಧುಮುಕಿದೆ. ಕೈಯಾಡಿಸಿದಲ್ಲೆಲ್ಲ ಬರೀ ನೀರು. ಬಗ್ಗಿ ನೋಡಿದರೆ ನನ್ನ ಕಾಲೇ ನನಗೆ ಕಾಣಲಿಲ್ಲ.

ಬೆನ್ನ ಹಿಂದೆ, ಏಣಿಯ ಪಕ್ಕ, ಹುಡುಗ ಮೇಲೆದ್ದು ಕಿಸಕ್ಕೆಂದ. "ದೊಡ್ಡಪ್ಪಾ, ಗೊತ್ತೇ ಆಗ್ಲಿಲ್ಲ ಅಲ್ವಾ?"

ಗೊತ್ತಾಗಲಿಲ್ಲ. ಮೂರು ಹೆಜ್ಜೆ ದೂರದಲ್ಲಿ ಕೂತಿದ್ದೆ. ಅವನು ಆಡುತ್ತಿದ್ದಾನೋ ಮುಳುಗುತ್ತಿದ್ದಾನೋ ನನಗೆ ತಿಳಿಯುವ ದಾರಿಯೇ ಇರಲಿಲ್ಲ. ಮೂವರನ್ನೂ ಮೇಲೆ ಹತ್ತಿಸಿ, ಮಾತು ಬಾರದೆ ಕೂತೆ. ನನಗೆ ಮಾತು ಬಾರದಿದ್ದದ್ದು ಮದುವೆಯಾದ ಮೇಲೆ ಅದೇ ಮೊದಲು ಎಂದು ಹೆಂಡತಿ ಈಗಲೂ ಹೇಳುತ್ತಾಳೆ.

ಲ್ಯಾಬ್ ಅಕ್ಕ ಒಂದು ಪುಟ್ಟ ಪೆಟ್ಟಿಗೆ ಹಿಡಿದು ಬಂದರು. ಎರಡು ಗಾಜಿನ ಕೊಳವೆಗಳಿಗೆ ನೀರು ತುಂಬಿ, ಒಂದೊಂದಕ್ಕೆ ಒಂದೊಂದು ಔಷಧಿ ಬಿಟ್ಟರು.

"ಇದು ಗುಲಾಬಿ ಬಣ್ಣಕ್ಕೆ ತಿರುಗಬೇಕಿತ್ತು, ತಿರುಗಲಿಲ್ಲ. ಕೆಲಸ ಮಾಡೋ ಕ್ಲೋರಿನ್ ನಿಮ್ಮ ನೀರಲ್ಲಿ ಇಲ್ಲ."

"ಇಲ್ಲ ಅಂದ್ರೆ? ವಾಸನೆಗೆ ಕಾಗೆ ಊರು ಬಿಟ್ಟಿವೆ ಅಕ್ಕಾ."

"ಅದು ಬೆವರು, ಎಣ್ಣೆ, ಮಕ್ಕಳ ಉಚ್ಚೆ ಜೊತೆ ಗುದ್ದಾಡಿ ಸೋತ ಕ್ಲೋರಿನ್ ವಾಸನೆ. ಘಾಟು ಹೆಚ್ಚಿದ್ರೆ ನೀರು ಚೊಕ್ಕಟ ಅಂತಲ್ಲ, ಕೆಟ್ಟಿದೆ ಅಂತ." ಇನ್ನೊಂದು ಕೊಳವೆ ಎತ್ತಿದರು. "ಪಿಎಚ್ ಎಂಟು ದಾಟಿದೆ. ಏಳೂಕಾಲು, ಏಳೂವರೆ ಹತ್ರ ಇರಬೇಕು. ಹೀಗಿದ್ರೆ ಎಷ್ಟು ಸುರಿದ್ರೂ ಕ್ಲೋರಿನ್‌ಗೆ ಕಸುವು ಬರಲ್ಲ. ಫಿಲ್ಟರ್ ಯಾವಾಗ ತೊಳೆದ್ರಿ?"

"ಫಿಲ್ಟರನ್ನೂ ತೊಳೀಬೇಕಾ?"

ಅಕ್ಕ ನನ್ನ ಹೆಂಡತಿಯ ಮುಖ ನೋಡಿದರು. ಹೆಂಡತಿ ಆಕಾಶ ನೋಡಿದಳು.

ಕೆಲಸ ಆಗಲೇ ಶುರುವಾಯಿತು. ಎಲೆ, ಕಸ ಬಲೆಯಲ್ಲಿ ಎತ್ತಿದೆವು, ಗೋಡೆ ಉಜ್ಜಿದೆವು. ಪಂಪು ನಿಲ್ಲಿಸಿ ಫಿಲ್ಟರಿನ ಹಿಡಿ ತಿರುಗಿಸಿ, ಮತ್ತೆ ಪಂಪು ಹಾಕಿ, ಅದರೊಳಗೆ ಕೊಳೆ ಹಿಡಿಯುವ ಮರಳಿನಲ್ಲಿ ನೀರನ್ನು ಹಿಮ್ಮುಖವಾಗಿ ಹಾಯಿಸಿದೆವು. ಹೊರಬಂದ ಕೆಸರಿನಲ್ಲಿ ಒಂದು ಮನೆಯನ್ನೇ ಗಿಲಾವು ಮಾಡಬಹುದಿತ್ತು. ನೀರು ತಿಳಿಯಾಗಿ ಬರುವ ತನಕ ಬಿಟ್ಟೆವು. ಪಿಎಚ್ ಇಳಿಸುವ ಆಮ್ಲವನ್ನು ಅಕ್ಕ ಕೈಗವಸು, ಕನ್ನಡಕ ಹಾಕಿಸಿಯೇ ನನ್ನ ಕೈಗೆ ಕೊಟ್ಟರು.

"ಡಬ್ಬಿ ಮೇಲೆ ಬರೆದಷ್ಟೇ ಅಳತೆ, ಕಣ್ಣಂದಾಜು ಬೇಡ. ಬಕೆಟ್ ನೀರಿಗೆ ಆಮ್ಲ ಹಾಕಿ, ಆಮ್ಲಕ್ಕೆ ನೀರು ಹಾಕಬೇಡಿ. ಇದನ್ನೂ ಕ್ಲೋರಿನ್ನನ್ನೂ ಯಾವತ್ತೂ ಒಟ್ಟಿಗೆ ಸೇರಿಸಬೇಡಿ, ವಿಷದ ಗಾಳಿ ಏಳುತ್ತೆ. ಕ್ಲೋರಿನ್ ಸಂಜೆ ಬೇರೆಯಾಗಿ ಹಾಕಿ, ಬಿಸಿಲಿದ್ರೆ ಬಿಸಿಲೇ ತಿಂದುಬಿಡುತ್ತೆ. ಪಂಪು ಹಗಲೂ ರಾತ್ರಿ ಓಡಲಿ."

ನಾನು ಅತ್ತೆಯ ಕಡೆ ತಿರುಗಿದೆ.

"ಏನು ನನ್ನ ನೋಡ್ತೀಯ? ನನ್ನ ನಿದ್ದೆ ಹೆಚ್ಚೋ ಮಗು ಹೆಚ್ಚೋ? ಕಿವಿಗೆ ಹತ್ತಿ ಇಟ್ಕೋತೀನಿ, ಓಡ್ಸು," ಎಂದರು ಅತ್ತೆ.

ಭಾನುವಾರ ನನ್ನ ಷಡ್ಡಕ, ಅವಳಿಗಳ ಅಪ್ಪ, ಮಕ್ಕಳನ್ನು ಕರೆದೊಯ್ಯಲು ಬಂದ. ಹೆಗಲ ಮೇಲೆ ಟವೆಲ್. ನನ್ನ ಕೊಳದಲ್ಲಿ ಹಡಗು ಬಿಡಬಹುದೆಂದು ಫೋನಿನಲ್ಲಿ ಹೇಳಿದ್ದೆನಲ್ಲ. ನೀರು ಅಷ್ಟರಲ್ಲಿ ಮುಕ್ಕಾಲು ತಿಳಿಯಾಗಿತ್ತು. ಆಳದ ತುದಿಯಲ್ಲಿ, ನೀರು ಹೊರಹೋಗುವ ಜಾಲರಿ ಮಾತ್ರ ಇನ್ನೂ ಮಸುಕು ಮಸುಕು.

"ಚೆನ್ನಾಗೇ ಇದೆಯಲ್ಲ ಅಣ್ಣ. ನಾನೂ ಇರ್ತೀನಿ, ಮಕ್ಕಳು ಒಂದು ಸಲ ಇಳೀಲಿ."

ಮಕ್ಕಳು ಆಗಲೇ ಅಂಗಿ ಬಿಚ್ಚಿದ್ದರು. ಹೂಂ ಎಂದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು.

"ಬೇಡಪ್ಪ," ಎಂದೆ. "ಬುಧವಾರ ನಿನ್ನ ಕಿರಿಯವನು ಈ ನೀರಲ್ಲಿ ಮುಳುಗಿದ್ದ. ಆಟಕ್ಕೇ ಮುಳುಗಿದ್ದು. ಆದ್ರೆ ನಾನು ಇಲ್ಲೇ ಕೂತು ಅವನು ಎಲ್ಲಿದ್ದಾನೆ ಅಂತ ನೋಡಕ್ಕಾಗಲಿಲ್ಲ. ತಪ್ಪು ನಂದು."

"ಎಷ್ಟೊತ್ತು?"

"ಇಪ್ಪತ್ತು ಸೆಕೆಂಡು ಇರಬೇಕು."

ನನ್ನ ಮಾತಿನಲ್ಲಿ ಮುಕ್ಕಾಲು ಕಳೆದು ಕೇಳುವುದು ಷಡ್ಡಕನ ಅಭ್ಯಾಸ. ಅವನು ನನ್ನ ಹೆಂಡತಿಯ ಕಡೆ ನೋಡಿದ. ಅವಳು ಏನನ್ನೂ ಕಳೆಯದೆ ಹೌದೆಂದು ತಲೆಯಾಡಿಸಿದಳು. ಷಡ್ಡಕ ಟವೆಲನ್ನು ಕುರ್ಚಿಯ ಮೇಲೆ ಹಾಕಿ, ಕಿರಿಯ ಮಗನನ್ನು ಪಕ್ಕಕ್ಕೆ ಎಳೆದುಕೊಂಡ.

"ಹಂಗಾದ್ರೆ ಇನ್ನೆರಡು ದಿನ ಇಲ್ಲೇ ಇರಲಿ ಬಿಡಿ," ಎಂದ. "ತಳ ಕಂಡ ಮೇಲೇ ಇಳೀಲಿ."

ಮಂಗಳವಾರ ಬೆಳಗ್ಗೆ ಜಾಲರಿಯ ತೂತುಗಳನ್ನು ದಡದಲ್ಲೇ ನಿಂತು ಎಣಿಸಿದೆ. ಆಳದಲ್ಲಿ ಒಂದು ಟೈಲು ಸೊಟ್ಟಗೆ ಕೂತಿದ್ದೂ ಕಂಡಿತು. ಅದನ್ನು ಯಾರಿಗೂ ಹೇಳಬೇಡಿ. ಅಕ್ಕ ಮತ್ತೆ ನೀರು ಪರೀಕ್ಷಿಸಿ, ಕ್ಲೋರಿನ್ನೂ ಪಿಎಚ್ಚೂ ಸರಿಯಾಗಿವೆ ಎಂದ ಮೇಲೆ ಮಕ್ಕಳು ಮೈ ತೊಳೆದುಕೊಂಡು ಇಳಿದರು. ನಾನು ಅದೇ ಕುರ್ಚಿಯಲ್ಲಿ ಕೂತೆ. ಈ ಸಲ ಮೂರು ತಲೆಗಳನ್ನೂ ಎಣಿಸುತ್ತಲೇ ಇದ್ದೆ.

ಕೊಳ ಇಟ್ಟುಕೊಂಡವರೇ, ನೆಂಟರ ಕೊಳಕ್ಕೆ ಮಕ್ಕಳನ್ನು ಕಳಿಸುವವರೇ, ನನ್ನ ಉಳಿದ ಮಾತನ್ನು ಬೇಕಾದರೆ ಅರ್ಧಕ್ಕರ್ಧ ಕಳೆದುಬಿಡಿ. ಇಷ್ಟನ್ನು ಮಾತ್ರ ಪೂರ್ತಿ ಇಟ್ಟುಕೊಳ್ಳಿ. ವಾಸನೆ ನೋಡಿ ಮೋಸ ಹೋಗಬೇಡಿ, ನೀರು ಪರೀಕ್ಷೆ ಮಾಡಿ. ಫಿಲ್ಟರ್ ತೊಳೆಯಿರಿ, ಪಂಪು ಓಡಿಸಿ. ಮಕ್ಕಳು ನೀರಿನಲ್ಲಿರುವಷ್ಟು ಹೊತ್ತೂ ದೊಡ್ಡವರೊಬ್ಬರ ಕಣ್ಣು ಅಲ್ಲೇ ಇರಲಿ. ತಳ ಕಾಣದಿದ್ದರೆ ಯಾರೇ ಹಟ ಮಾಡಲಿ, ಯಾರೇ ನಗಲಿ, ಆ ದಿನ ಯಾರನ್ನೂ ಇಳಿಸಬೇಡಿ. "ಮಗು ಎಲ್ಲಿ?" ಎಂದು ಯಾರಾದರೂ ಕೇಳಿದಾಗ, ನಿಮ್ಮ ಕೈ ತಡವರಿಸದೆ ತೋರಿಸುವಂತಿರಲಿ.