ದೀಪ ಹತ್ತದ ಟೆಸ್ಟರ್

ನಾನು ಒಂದು ಟೆಸ್ಟರ್. ಸ್ಕ್ರೂಡ್ರೈವರ್‌ನಂಥ ಮೈ, ಹೊಟ್ಟೆಯೊಳಗೆ ಜೋಳದ ಕಾಳಿನಷ್ಟು ದೀಪ. ಹುಟ್ಟಿದ ಕಾರ್ಖಾನೆ ಯಾವ ಊರಿನದೋ ಮರೆತಿದ್ದೇನೆ. ನಮ್ಮನ್ನೆಲ್ಲ ಒಂದು ರಟ್ಟಿಗೆ ಸಾಲಾಗಿ ಸಿಕ್ಕಿಸಿ ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ನೇತುಹಾಕಿದ್ದು ಮಾತ್ರ ನೆನಪಿದೆ. ನನಗೆ ಬರುವುದು ಒಂದೇ ಮಾತು, 'ಇದೆ'. ತಂತಿಯಲ್ಲಿ ಕರೆಂಟ್ ಇದ್ದರೆ ದೀಪ ಹತ್ತಿಸುತ್ತೇನೆ. 'ಇಲ್ಲ' ಎನ್ನಲು ಬಾರದು. ನಾನು ಸುಮ್ಮನಿದ್ದರೆ ಜನ ಅದನ್ನೇ 'ಇಲ್ಲ' ಎಂದುಕೊಳ್ಳುತ್ತಾರೆ. ನನ್ನ ಕಷ್ಟವೆಲ್ಲ ಇದೇ.

ಮೊದಲು ನನ್ನನ್ನು ಕೊಂಡವನು ವೈರ್‌ಮನ್ ಖಾದರಸಾಬ. ಅವನಿಗೊಂದು ರೂಢಿ. ಕರೆಂಟ್ ಇರುವುದು ಖಾತ್ರಿಯಾಗಿದ್ದ ಪ್ಲಗ್ಗಿಗೆ ಮೊದಲು ನನ್ನನ್ನು ತಾಗಿಸಿ, ದೀಪ ಹತ್ತಿದ್ದು ನೋಡಿಯೇ ಕೆಲಸದ ತಂತಿಗೆ ಬರುತ್ತಿದ್ದ. ಮುದುಕನ ಅನುಮಾನ ಎಂದು ಮನೆಯವರು ನಗುತ್ತಿದ್ದರು. ನನಗೆ ಮಾತ್ರ ಅದು ಮರ್ಯಾದೆ ಎನಿಸುತ್ತಿತ್ತು.

ಪಕ್ಕದ ಮನೆಯ ಮಹಾರುದ್ರಪ್ಪ ನನ್ನನ್ನು ಒಂದು ದಿನದ ಮಟ್ಟಿಗೆ ಕೇಳಿ ಒಯ್ದ. ಒಯ್ದವನು ಹಿಂದಿರುಗಿಸಲೇ ಇಲ್ಲ. ಖಾದರಸಾಬ ಮನೆ ಬದಲಿಸಿ ಗದಗಕ್ಕೆ ಹೋದ. ನಾನು ಇಲ್ಲೇ ಉಳಿದೆ. ಮಹಾರುದ್ರಪ್ಪ ಪಾತ್ರೆ ಅಂಗಡಿಯವನು, ಒಳ್ಳೆಯವನು, ಆದರೆ ಕೈ ಒರಟು. ಕಿಟಕಿಯ ಸ್ಕ್ರೂಗೂ ನಾನೇ, ಗೋಡೆಯ ಮೊಳೆ ಕೀಳಲೂ ನಾನೇ. ಒಮ್ಮೆ ಬಣ್ಣದ ಡಬ್ಬಿಯ ಮುಚ್ಚಳದ ಸಂದಿಗೆ ನನ್ನ ತುದಿ ಕೊಟ್ಟು ಮೇಲಿಂದ ಸುತ್ತಿಗೆಯಲ್ಲಿ ಹೊಡೆದ. ಮುಚ್ಚಳ ತೆರೆಯಿತು, ನನ್ನ ದೀಪ ಸತ್ತಿತು. ಹೊರಗಿಂದ ನೋಡಿದರೆ ನನಗೆ ಏನೂ ಆಗಿರಲಿಲ್ಲ.

ಅವನ ಹೆಂಡತಿ ಶಿವಲೀಲಾ ಅಟ್ಟದ ಮೇಲೆ ಕೂತು ಜಂಪರು ಹೊಲಿಯುತ್ತಿದ್ದಳು. ತಲೆಯ ಮೇಲೆ ತಗಡಿನ ಶೀಟು. ಶೀಟು ಬದಲಿಸುವಾಗ ಅಟ್ಟದ ಫ್ಯಾನು ಬಿಚ್ಚಿದ್ದು ಹಾಗೇ ಮೂಲೆಯಲ್ಲಿತ್ತು. ಬೇಸಿಗೆಯ ಒಂದು ಮಧ್ಯಾಹ್ನ ಆಕೆ ಮಷಿನ್ ಮುಂದೆಯೇ ತಲೆ ತಿರುಗಿ ಬಿದ್ದಳು. ಮರುದಿನ ಬೆಳಿಗ್ಗೆಯೇ ಮಹಾರುದ್ರಪ್ಪ ಫ್ಯಾನು ಜೋಡಿಸಲು ನಿಂತ. ವೈರ್‌ಮನ್‌ನನ್ನು ಕರೆಸೋಣ ಎಂದು ಆಕೆ ಎಷ್ಟು ಹೇಳಿದರೂ ಕೇಳಲಿಲ್ಲ.

"ಮೇನ್ ಬಂದ್ ಮಾಡೀನಿ, ಟೆಸ್ಟರೂ ಹತ್ತವಲ್ದು. ನೀ ಯಾಕ ಅಂಜತಿ?" ಎಂದ.

ಮೇನ್ ಬಂದ್ ಮಾಡಿದ್ದು ನಿಜ. ಆದರೆ ಅಟ್ಟದ ಲೈನು ಇನ್ವರ್ಟರ್‌ಗೆ ಸೇರಿತ್ತು. ಮೇನ್ ಬಂದ್ ಆದೊಡನೆ, ಊರ ಕರೆಂಟ್ ಹೋಯಿತೆಂದು ತಿಳಿದು ಇನ್ವರ್ಟರ್ ತನ್ನ ಬ್ಯಾಟರಿಯ ಕರೆಂಟನ್ನು ಮೇಲೆ ಕಳಿಸತೊಡಗಿತು. ನನ್ನ ತುದಿ ತಂತಿಯ ಮೇಲಿತ್ತು. ಕರೆಂಟು ನನ್ನ ಮೈಗೆ ತಾಗುತ್ತಿತ್ತು, ಸತ್ತ ದೀಪದ ಬಳಿ ಬಂದು ನಿಲ್ಲುತ್ತಿತ್ತು. ಇದೆ, ಇದೆ, ಮುಟ್ಟಬೇಡ ಎಂದು ನಾನು ಕೂಗಬೇಕಿತ್ತು. ಆಗಲಿಲ್ಲ. ಅವನು ನನ್ನನ್ನು ಜೇಬಿಗೆ ಹಾಕಿ, ಎಡಗೈಯಲ್ಲಿ ಶೀಟಿನ ಕಬ್ಬಿಣದ ಪಟ್ಟಿ ಹಿಡಿದು, ಬಲಗೈಯಲ್ಲಿ ಬರಿ ತಂತಿ ಹಿಡಿದ. ಸ್ಟೂಲಿನಿಂದ ಅವನು ಬಿದ್ದಾಗ ಜೇಬಿನಲ್ಲಿ ನಾನೂ ಬಿದ್ದೆ.

ಜೀವ ಉಳಿಯಿತು. ಬಲಗೈ ಬೆರಳುಗಳು ಮಾತ್ರ ಇಂದಿಗೂ ಮಡಚುವುದಿಲ್ಲ. ನೋಡಲು ಬಂದವರೆಲ್ಲ ಅವನ ಅವಸರಕ್ಕೇ ಬೈದರು. ಶಿವಲೀಲಾಳ ಅಣ್ಣ ಈರಬಸಪ್ಪನದೇ ಎಲ್ಲರಿಗಿಂತ ಜೋರು ಬಾಯಿ. ಮಹಾರುದ್ರಪ್ಪ ತಲೆ ತಗ್ಗಿಸಿ ಕೇಳಿಸಿಕೊಂಡ. ಟೆಸ್ಟರ್ ಹಚ್ಚಿ ನೋಡಿಯೇ ಮುಟ್ಟಿದೆ ಎಂದು ಒಂದು ಸಲ ಹೇಳಿ, ಯಾರೂ ನಂಬದಿದ್ದಾಗ ಸುಮ್ಮನಾದ. ಸುಮ್ಮನಿದ್ದರೆ ಜನ ಏನು ತಿಳಿಯುತ್ತಾರೆ ಎಂಬುದು ನನಗೆ ಚೆನ್ನಾಗಿ ಗೊತ್ತು.

ನಂಬಿದವಳು ಶಿವಲೀಲಾ ಒಬ್ಬಳೇ. ಯಾರೋ ಎತ್ತಿಟ್ಟಿದ್ದ ಡ್ರಾಯರಿನಿಂದ ನನ್ನನ್ನು ತೆಗೆದು, ಆಗತಾನೇ ಮಿಕ್ಸಿ ತಿರುಗಿದ್ದ ಪ್ಲಗ್ಗಿನ ಎರಡೂ ತೂತಿಗೆ ಇಟ್ಟು, ಹಿಂದೆ ಬೆರಳು ಒತ್ತಿದಳು. ದೀಪ ಹತ್ತಲಿಲ್ಲ. ಆಮೇಲೆ ಪಡಸಾಲೆಗೆ ಬಂದು ಎಲ್ಲರ ಮುಂದೆ ನನ್ನನ್ನು ಎತ್ತಿ ಹಿಡಿದಳು.

"ಅವ್ರು ನೋಡೇ ಮುಟ್ಟ್ಯಾರ, ಅಣ್ಣಾ. ಇದರ ದೀಪಾನ ಸತ್ತೈತಿ."

ಈರಬಸಪ್ಪ ಚಹಾದ ಕಪ್ಪು ಕೆಳಗಿಟ್ಟ. ಮಹಾರುದ್ರಪ್ಪ ಎಡಗೈಯಿಂದ ಕಣ್ಣು ಒರೆಸಿಕೊಂಡ.

ಮರುವಾರ ಹೊಸ ವೈರ್‌ಮನ್ ಬಂದು, ಮೇನ್ ಜೊತೆಗೆ ಇನ್ವರ್ಟರನ್ನೂ ಬಂದ್ ಮಾಡಿ ಫ್ಯಾನು ಜೋಡಿಸಿದ. ಇನ್ನೊಬ್ಬರ ಕೈಗೆ ನಾನು ಸಿಗಬಾರದೆಂದು ಶಿವಲೀಲಾ ನನ್ನನ್ನು ಒಳಕಲ್ಲಿನ ಮೇಲಿಟ್ಟು ಜಜ್ಜಿ ಗುಜರಿಯವನ ಚೀಲಕ್ಕೆ ಹಾಕಿದಳು. ನನಗೆ ಸಿಟ್ಟಿಲ್ಲ.

ಈಗ ಇಲ್ಲಿ ತುಕ್ಕು ಹಿಡಿದ ಬೀಗಗಳ ನಡುವೆ ಬಿದ್ದಿದ್ದೇನೆ. ಯಾರೂ ನನ್ನನ್ನು ಏನೂ ಕೇಳುವುದಿಲ್ಲ. ಶಿವಲೀಲಾ ನನ್ನನ್ನು ಆ ಪ್ಲಗ್ಗಿಗೆ ಇಟ್ಟು ಕೇಳಿದಳಲ್ಲ, ಅದನ್ನೇ ಆತ ಅಟ್ಟ ಹತ್ತುವ ಮೊದಲು ಕೇಳಿದ್ದರೆ, ನಾನು ಸುಮ್ಮನಿದ್ದೇ ಅವನ ಕೈ ಉಳಿಸುತ್ತಿದ್ದೆ.