ಹಿಂದಿನಿಂದ ಕರೆದ ದನಿ

ಸಮುದ್ರಕ್ಕೆ ಹೊರಟವನನ್ನು ಹಿಂದಿನಿಂದ ಕರೆಯಬಾರದು. ಹೊನ್ನಾವರದ ಅಳಿವೆಯ ಆಚೆ ದಡದ ಕೇರಿಯಲ್ಲಿ ಮೊಲೆ ಕುಡಿಯುವ ಕೂಸಿಗೂ ಇದು ಗೊತ್ತು. ಕಮಲಿ ಕರೆದಳು. ಎಮರ್ಜೆನ್ಸಿ ಬಂದ ವರ್ಷ, ಮಳೆ ಮುಗಿದು ಮೊದಲ ಬಲೆ ಇಳಿಸುವ ದಿನ, ಗಂಡ ಈರ ಎಲೆಸಂಚಿ ಮರೆತು ಹೊರಟಿದ್ದ. 'ಹೋಯ್, ಸಂಚಿ ಬಿಟ್ಟಿದ್ರಿ' ಎಂದಳು. ಅವನು ತಿರುಗಿ ನಕ್ಕು, ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದ. ಮರುದಿನ ಅವನ ಪಾತಿದೋಣಿ ಮಗುಚಿಕೊಂಡು ದಡಕ್ಕೆ ಬಂತು. ಈರ ಬರಲಿಲ್ಲ.

ಮೂರನೆಯ ದಿನ ಅತ್ತೆ ಮಾಸ್ತಮ್ಮ ಕೇರಿಯವರ ಎದುರು ಎದೆ ಬಡಿದುಕೊಂಡು ಅಂದಳು: 'ನಿನ್ನ ನಾಲಿಗೆ ನನ್ನ ಮಗನ್ನ ತಿಂತು.'

ಕಮಲಿ ಅಂದಿನಿಂದ ಮಾತು ಬಿಟ್ಟಳು. ಅಂಗಳಕ್ಕೆ ಕೋಳಿ ನುಗ್ಗಿದರೆ ಹುಶ್ ಅನ್ನದೆ ಕೈ ಬೀಸುತ್ತಿದ್ದಳು. ಎರಡು ವರ್ಷ ಹೀಗೇ ಹೋಯಿತು. ಈಚೆಗೆ ಊಟವನ್ನೂ ಬಿಟ್ಟು, ಬಾಯಿಗೆ ಸೆರಗು ಒತ್ತಿಕೊಂಡು ಬಾವಿಕಟ್ಟೆಯ ಮೇಲೆ ಕೂರುತ್ತಿದ್ದಳು. ಆ ಮೌನದಲ್ಲಿ ಮಾಸ್ತಮ್ಮನಿಗೆ ತನ್ನದೇ ಮಾತು ಕೇಳುತ್ತಿತ್ತು. ಒಲೆ ಊದುವಾಗ, ಅಕ್ಕಿ ತೊಳೆಯುವಾಗ, ಅದೇ ಮಾತು, ಅದೇ ದನಿಯಲ್ಲಿ.

'ಈರನೇ ಅವಳ ಗಂಟಲಲ್ಲಿ ಕೂತಿದ್ದಾನೆ' ಎಂದಳು ನೆರೆಮನೆಯ ಸೋಮಿ.

'ಬದುಕಿದ್ದಾಗ ಅವ ಒಂದು ಗಳಿಗೆ ಮನೇಲಿ ಕೂತವನಲ್ಲ, ಈಗ ಕೂರ್ತಾನಾ?' ಎಂದಳು ಮಾಸ್ತಮ್ಮ.

ಆದರೂ ಸುದ್ದಿ ಕಮಲಿಯ ತವರು ಕುಮಟಾಕ್ಕೆ ಮುಟ್ಟಿತು. ಒಂದು ಬೆಳಿಗ್ಗೆ ಅವಳ ಅಣ್ಣ ದಾಸ ಚೀಲ ಹಿಡಿದು ಬಂದ. 'ಭಟ್ಕಳದ ಬದಿಗೆ ಒಬ್ಬ ಇದ್ದಾನೆ. ಬೆತ್ತದಲ್ಲಿ ದೆವ್ವ ಬಿಡಿಸ್ತಾನಂತೆ.'

'ಬೆತ್ತದಲ್ಲಾ?'

'ಇವಳಿಗೆ ತಾಗೂದಿಲ್ಲಂತೆ. ಒಳಗಿದ್ದವನಿಗೆ ಮಾತ್ರ.'

ಮಾಸ್ತಮ್ಮ ಸೊಸೆಯ ಮುಂಗೈ ನೋಡಿದಳು. ಬಳೆ ಕಳೆದ ಕೈಯಲ್ಲಿ ಮೂಳೆಯಷ್ಟೇ ಉಳಿದಿತ್ತು. 'ಸಂಜೆವರೆಗೆ ಇರು ದಾಸ. ಅವಳು ಮಾತಾಡಿದ್ರೆ ಬಿಟ್ಟು ಹೋಗು' ಎಂದಳು.

ಮೀನಿನ ಬುಟ್ಟಿ ಹೊತ್ತು, ಕಮಲಿಯನ್ನು ಕೈಹಿಡಿದು ದೋಣಿ ಕಡವಿಗೆ ಕರೆತಂದಳು. ಪೇಟೆಗೆ ಅಳಿವೆ ದಾಟಿಯೇ ಹೋಗಬೇಕು.

'ನಾನು ದೋಣಿ ಹತ್ತೂಕೆ ಹೋಗ್ತೆ. ಹಿಂದಿಂದ ಕರಿ.'

ಕಮಲಿ ತಲೆ ಅಲ್ಲಾಡಿಸುತ್ತ ಹಿಂದೆ ಸರಿದಳು.

'ಕರಿ ಮಗಾ. ನಿನ್ನ ನಾಲಿಗೆ ತಿನ್ನೂದೇ ಆದ್ರೆ ನನ್ನನ್ನೂ ತಿನ್ಲಿ. ಇಲ್ಲಾಂದ್ರೆ ಸಂಜೆಗೆ ಬತ್ತೆ. ಆ ಮಾತು ಅಂದವಳು ನಾನು.'

ಮರಳಿನಲ್ಲಿ ನಡೆದಳು. ಹಿಂದೆ ಸದ್ದಿಲ್ಲ. ನೀರು ಮೊಣಕಾಲಿಗೆ ಬಂದು, ದೋಣಿ ನಡೆಸುವ ಮಾಬ್ಲ ಕೈ ಚಾಚಿದಾಗ ಕೇಳಿತು, ಒಡಕು ದನಿ: 'ಅತ್ತೇ...'

ಮಾಬ್ಲ ಕೈ ಹಿಂದೆಗೆದ. 'ಇವತ್ತು ಬೇಡ, ಮಾಸ್ತಮ್ಮ.'

'ನೀನು ಹುಟ್ಟು ಹಾಕು.'

ಹೇಳುವುದು ಸುಲಭ. ದೋಣಿ ಓಲಾಡಿದಾಗೆಲ್ಲ ಬೆನ್ನಹುರಿಯಲ್ಲಿ ಆ ಕರೆ ಹರಿಯುತ್ತಿತ್ತು. ನಡುನೀರಿನಲ್ಲಿ ಅದಕ್ಕಿಂತ ಕೆಟ್ಟದ್ದೊಂದು ಒಳಗೆ ಎದ್ದಿತು: ಮಗುಚಿದರೆ ಮಗುಚಲಿ. ಮಗುಚಿದರೆ ಅವತ್ತು ನಾನಂದದ್ದು ನಿಜವಾಗುತ್ತದೆ, ಎರಡು ವರ್ಷ ನಾನು ಸುಳ್ಳಿಗೆ ಒಂದು ಹೆಣ್ಣುಜೀವ ಕೊಂದ ಹಾಗಾಗುವುದಿಲ್ಲ. ತನ್ನ ಆಸೆಗೆ ತಾನೇ ಬೆದರಿ ಮಾಸ್ತಮ್ಮ ದೋಣಿಯ ಅಂಚನ್ನು ಬಿಗಿಯಾಗಿ ಹಿಡಿದಳು. ಪೇಟೆಯಲ್ಲಿ ಯಾರಿಗೆ ಯಾವ ಮೀನು ಕೊಟ್ಟಳೋ ನೆನಪಿಲ್ಲ.

ಸಂಜೆ ದೋಣಿ ಮರಳಿದಾಗ ಕಮಲಿ ಅದೇ ಜಾಗದಲ್ಲಿ ನಿಂತಿದ್ದಳು. ಸೀರೆಯ ಅಂಚಿನಲ್ಲಿ ಉಪ್ಪು ಬೆಳ್ಳಗೆ ಒಣಗಿತ್ತು. ಮೀನು ಕೊಳ್ಳುವವರು ಒತ್ತಿ ನೋಡುವ ಹಾಗೆ ಅತ್ತೆಯ ತೋಳು, ಭುಜ, ಕೆನ್ನೆ ಒತ್ತಿ ನೋಡಿದಳು.

'ಬಂದ್ರಿ.'

'ಬಂದೆ.'

'ಹಾಗಾರೆ ಅವ್ರು ಎಂತಕ್ಕೆ ಬರ್ಲಿಲ್ಲ?'

ಈ ಪ್ರಶ್ನೆಗೆ ಎರಡು ವರ್ಷ ಮನೆಯಲ್ಲಿ ಒಂದು ಉತ್ತರವಿತ್ತು: ಕಮಲಿಯ ನಾಲಿಗೆ. ಅತ್ತೆಗೂ ಸೊಸೆಗೂ ಹಿಡಿದು ನಿಲ್ಲಲು ಇದ್ದ ಗೂಟ ಅದೊಂದೇ.

'ಗೊತ್ತಿಲ್ಲ ಮಗಾ.'

ದಡದಲ್ಲಿ ಕಾದಿದ್ದ ದಾಸ ಚೀಲ ಎತ್ತಿಕೊಂಡು ಒಬ್ಬನೇ ದೋಣಿ ಹತ್ತಿದ. ಕಮಲಿ ಮತ್ತೆ ಕೇಳಿದಳು. ಮಾಸ್ತಮ್ಮ ಬುಟ್ಟಿ ಇಳಿಸಿ, ಹಸಿ ಮರಳಿನಲ್ಲಿ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡಳು. ಕೇಳಿದಷ್ಟು ಸಲವೂ ಗೊತ್ತಿಲ್ಲ ಎಂದಳು.